ಭಿತ್ತಿಪತ್ರವೂ ಭತ್ಯೆಯ ಪಟ್ಟಿಯೂ

ಮಾನ್ಯರೇ,

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿ ವಿಭಾಗವನ್ನು ನೋಡಿಕೊಳ್ಳುತ್ತಿರುವ ತಾವು, ಪ್ರತಿ ವರ್ಷ ವಿಶ್ವ ಪರಿಸರ ದಿನವಾದ ಜೂನ್ 5ರಂದು ಸಸಿ ನೆಡಿಸಿ ಗೋಡೆಗಳ ತುಂಬ ಭಿತ್ತಿಪತ್ರ ಅಂಟಿಸಿದರೂ ವಿದ್ಯುತ್ ಬಿಲ್ಲಾಗಲಿ ಕಸದ ರಾಶಿಯಾಗಲಿ ಕರಗಿಲ್ಲವೆಂದು ಬರೆದು, ನೌಕರರಲ್ಲಿ ಪರಿಸರ ಕಾಳಜಿ ಹುಟ್ಟಿಸುವುದು ಹೇಗೆಂದು ಕೇಳಿದ್ದೀರಿ. ಕೊರತೆ ಕಾಳಜಿಯದ್ದೆಂದು ನಮಗೆ ಅನ್ನಿಸುವುದಿಲ್ಲ. ಸಂಸ್ಥೆಯು ಹಣ, ಸಮಯ, ಬಡ್ತಿಗಳನ್ನು ಯಾವುದಕ್ಕೆ ಕೊಡುತ್ತದೆ ಎಂಬುದನ್ನು ನೌಕರರು ಭಿತ್ತಿಪತ್ರಕ್ಕಿಂತ ಚೆನ್ನಾಗಿ ಓದಿಕೊಂಡಿರುತ್ತಾರೆ.

ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ 2008ರಲ್ಲಿ ನೌಕರರಿಗೆ ಸಿಗುವ ಬೋನಸ್ಸಿನ ಒಂದಂಶವನ್ನು ಪರಿಸರದ ಗುರಿಗಳಿಗೆ ಜೋಡಿಸಿತು. ಅದಕ್ಕೂ ಬಹಳ ಹಿಂದೆ, 1975ರಲ್ಲಿ, ಅಮೆರಿಕದ 3ಎಂ ಕಂಪನಿ, ಮಾಲಿನ್ಯವನ್ನು ಹುಟ್ಟಿದ ಮೇಲೆ ತೊಳೆಯುವ ಬದಲು ಹುಟ್ಟುವಲ್ಲಿಯೇ ತಡೆಯುವ ಉಪಾಯಗಳನ್ನು ನೌಕರರಿಂದಲೇ ಪಡೆದು, ಅವರನ್ನು ಗುರುತಿಸುವ ಕ್ರಮವನ್ನು ಆರಂಭಿಸಿತು. ತಮ್ಮ ಕಾರ್ಖಾನೆಯಲ್ಲಿಯೂ ಯಂತ್ರವನ್ನು ತಂಪಾಗಿಡುವ ದ್ರವ (ಕೂಲೆಂಟ್) ಎಲ್ಲಿ ಸೋರುತ್ತದೆ, ಊಟದ ವಿರಾಮದಲ್ಲಿ ಯಾವ ಕಂಪ್ರೆಸರ್ ಸುಮ್ಮನೆ ಓಡುತ್ತಿರುತ್ತದೆ ಎಂಬುದು ಯಂತ್ರದ ಮುಂದೆ ನಿಂತವರಿಗೇ ಗೊತ್ತು. ಆದರೆ ಅದನ್ನು ಹೇಳಲು ಪಾಳಿಯ ವೇಳೆಯಲ್ಲಿಯೇ ಬಿಡುವು ಕೊಡಬೇಕು, ಹೇಳಿದವರ ಮೇಲೆ ಸೂಪರ್‌ವೈಸರ್ ಸಿಟ್ಟಾಗಬಾರದು.

ತರಬೇತಿಯ ಬಗ್ಗೆ ತುಸು ಎಚ್ಚರವಿರಲಿ. ಷೇರು ಮಾರುಕಟ್ಟೆಯ ಅಗ್ರ 1000 ಕಂಪನಿಗಳು ಆ ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ ನಿಯಮದಂತೆ 2022-23ರಿಂದ ಕಡ್ಡಾಯವಾಗಿ ಪ್ರಕಟಿಸುವ ಸುಸ್ಥಿರತಾ ವರದಿಯಲ್ಲಿ, ಶೇಕಡಾ ಎಷ್ಟು ನೌಕರರು ತರಬೇತಿ ಪಡೆದರೆಂಬ ಅಂಕಣವಿದೆ. ಅಂಥ ಕಂಪನಿಗಳಿಗೆ ಬಿಡಿಭಾಗ ಪೂರೈಸುವವರು ಇದನ್ನು ನೋಡಿ ಹಾಜರಿ ಪುಸ್ತಕ ತುಂಬುವುದನ್ನೇ ಸಾಧನೆಯೆಂದು ಬಗೆಯುವ ಅಪಾಯವಿದೆ.

ತಮ್ಮ ಪತ್ರದಲ್ಲಿ ಗುತ್ತಿಗೆ ಕಾರ್ಮಿಕರ ಪ್ರಸ್ತಾಪವೇ ಇಲ್ಲ. ಕ್ಯಾಂಟೀನಿನ ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸುವವರೂ ರಾತ್ರಿ ದೀಪ ಆರಿಸುವವರೂ ಬಹುತೇಕ ಅವರೇ ಆಗಿರುತ್ತಾರೆ. ಆದರೂ ಅವರು ಗುತ್ತಿಗೆದಾರನ ನೌಕರರೆಂಬ ಕಾರಣಕ್ಕೆ ತರಬೇತಿಯಿಂದಲೂ ಬಹುಮಾನದಿಂದಲೂ ಹೊರಗುಳಿಯುತ್ತಾರೆ. ಗುತ್ತಿಗೆಯ ಕರಾರಿನಲ್ಲಿಯೇ ಇವೆರಡನ್ನೂ ಸೇರಿಸುವುದು ಸಿಬ್ಬಂದಿ ವಿಭಾಗದ ಕೈಯಲ್ಲಿರುವ ಕೆಲಸ, ಮತ್ತು ನಮ್ಮ ದೃಷ್ಟಿಯಲ್ಲಿ ಮೊದಲು ಆಗಬೇಕಾದ ಕೆಲಸ.

ಇನ್ನು ಪ್ರಯಾಣ ಭತ್ಯೆ. ಪೀಣ್ಯಕ್ಕೆ 2014ರಿಂದ ಮೆಟ್ರೊ ಇದ್ದರೂ, ದರ್ಜೆ ಏರಿದಂತೆಲ್ಲ ಕಾರಿನ ಇಂಧನಕ್ಕೆ ಹೆಚ್ಚು ಹಣ ಕೊಡುವ ಸಂಸ್ಥೆಯು, ಅಧಿಕಾರಿಗಳು ರೈಲು ಹತ್ತುವುದಿಲ್ಲವೆಂದು ದೂರುವುದು ಸರಿಯಲ್ಲ. ಅದೇ ಮೊತ್ತವನ್ನು ಮೆಟ್ರೊ ಕಾರ್ಡಿಗೆ ಪಡೆಯುವ ಆಯ್ಕೆಯನ್ನಾದರೂ ಕೊಡಿ. ತಡರಾತ್ರಿ ಮುಗಿಯುವ ಪಾಳಿಯವರಿಗೆ ಇದು ಹೊಂದದು. ಅವರ ಬಸ್ಸು ಮುಂದುವರಿಯಲಿ, ಕಚೇರಿ ಸಿಬ್ಬಂದಿಯಿಂದ ಆರಂಭಿಸಬಹುದು.

– ಸಂ.