ಬೋಳು ಟೈರಿನ ವಿಷಯ ಯಾರಿಗೂ ಹೇಳಿರಲಿಲ್ಲ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಕಾಸರಗೋಡಿನ ಬದಿಯಡ್ಕ ಕಡೆಯ ಮೂವತ್ತರ ಯುವಕ. ಕರೆದುಕೊಂಡು ಬಂದವರು ಅಮ್ಮ. "ಬೈಕ್ ಮಾರು ಅಂದ್ರೆ ಮಾರುದಿಲ್ಲ, ಓಡಿಸುದೂ ಇಲ್ಲ. ಕೊಟ್ಟಿಗೆಯಲ್ಲಿ ಟರ್ಪಾಲು ಹೊದೆಸಿ ಇಟ್ಟಿದ್ದಾನೆ. ರಾತ್ರಿ ಎದ್ದು ಹೋಗಿ ಅದರ ಹತ್ತಿರ ಕೂತುಕೊಳ್ತಾನೆ," ಅಂದರು.

ಏಳು ತಿಂಗಳ ಹಿಂದೆ, ಜೂನ್ ತಿಂಗಳ ಮೊದಲ ಮಳೆಗೆ, ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವೊಂದರಲ್ಲಿ ಇವರ ಗೆಳೆಯ ಜಾರಿ ಬಿದ್ದಿದ್ದ. ಇವರು ಇನ್ನೊಂದು ಬೈಕಿನಲ್ಲಿ ಹಿಂದೆಯೇ ಇದ್ದರು. ಮೊದಲ ಮಳೆ ಎಷ್ಟು ಮೋಸದ್ದು ಅಂತ ನಮ್ಮ ಕಡೆಯವರಿಗೆ ಗೊತ್ತು. ರಸ್ತೆಯ ಎಣ್ಣೆ, ಧೂಳು ನೀರಿಗೆ ಸೇರುತ್ತದೆ, ಗುಡ್ಡದಿಂದ ಕೆಂಪು ಮಣ್ಣು ಇಳಿಯುತ್ತದೆ. ಬಿದ್ದಾಗ ಹೆಲ್ಮೆಟ್ ತಲೆಯಿಂದ ಹಾರಿಹೋಗಿತ್ತು. ತಲೆಗೆ ಜೋರು ಪೆಟ್ಟಾದರೆ ನಮ್ಮಲ್ಲಿ ಮಂಗಳೂರಿಗೇ ಓಡುವುದಲ್ವಾ? ಆಂಬುಲೆನ್ಸಿನಲ್ಲಿ ಇವರು ಅವನ ಕೈ ಹಿಡಿದು ಕೂತಿದ್ದರು. ಗಡಿಯ ತಲಪಾಡಿ ದಾಟುವ ಮೊದಲೇ ಆ ಕೈ ತಣ್ಣಗಾಯಿತು.

ಮೊದಲ ಎರಡು ಭೇಟಿಯಲ್ಲಿ ಬರೀ ಹೊಗಳಿಕೆ. ಬೆಳಗಿನ ಜಾವ ಪೊಸಡಿ ಗುಂಪೆ ಗುಡ್ಡಕ್ಕೆ ಹೋಗಿದ್ದು, ರಾಣಿಪುರದ ಚಳಿ, ದಾರಿಬದಿಯ ಚಹಾ. "ಅವನಂಥ ರೈಡರ್ ಇಲ್ಲ ಅಕ್ಕ. ವಿಧಿ, ಎಂತ ಮಾಡುದು?" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅದು ನನಗೆ ಕೊರೆಯುತ್ತಿತ್ತು.

ಮೂರನೇ ಸಲ ನೇರವಾಗಿ ಕೇಳಿದೆ: "ಅವನ ಮೇಲೆ ನಿಮಗೆ ಸಿಟ್ಟು ಬಂದದ್ದುಂಟಾ?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು. ಗೆಳೆಯನ ಬೈಕಿನ ಹಿಂದಿನ ಟೈರ್ ಬೋಳಾಗಿತ್ತು. ಎರಡು ವಾರ ಮೊದಲೇ ಇವರು ನೋಡಿದ್ದರು. "ಮಳೆ ಬರ್ಲಿ ಮಾರಾಯ, ಬದಲಿಸ್ತೇನೆ" ಅಂದಿದ್ದ. ಇಬ್ಬರೂ ನಕ್ಕಿದ್ದರು. ಹೆಲ್ಮೆಟ್ಟಿನ ಪಟ್ಟಿಯನ್ನು ಅವನು ಯಾವತ್ತೂ ಬಿಗಿಯುತ್ತಿರಲಿಲ್ಲ. ಸತ್ತವನ ತಪ್ಪು ಆಡಬಾರದು ಅಂತ ಇವರು ಎಲ್ಲವನ್ನೂ ನುಂಗಿಕೊಂಡಿದ್ದರು. ಜೊತೆಗೆ ತಮ್ಮ ನಗುವನ್ನೂ.

"ಪಟ್ಟಿ ಹಾಕಿದ್ರೆ ಉಳೀತಿದ್ನಾ ಅಕ್ಕ?"

ಇಲ್ಲಿ ಸುಳ್ಳು ಹೇಳಿ ಸಮಾಧಾನ ಮಾಡಬಾರದು ಅನ್ನುವುದು ನನ್ನ ನಂಬಿಕೆ. ಹೆಲ್ಮೆಟ್‌ನಿಂದ ಬೈಕ್ ಸವಾರರ ಸಾವಿನ ಅಪಾಯ ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಅಪಾಯ ಶೇ. 69ರಷ್ಟು ಕಡಿಮೆಯಾಗುತ್ತದೆ ಅಂತ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಅದನ್ನೇ ಹೇಳಿದೆ. "ಉಳಿಯುವ ದಾರಿ ಒಂದಿತ್ತು. ಆದರೆ 42 ಅಂದರೆ ನೂರಲ್ಲ. ಅವನು ಉಳಿಯುತ್ತಿದ್ದನೋ ಇಲ್ಲವೋ, ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ನೀವು ಒಮ್ಮೆ ಹೇಳಿದ್ದಿರಿ, ಅವನು ಕೇಳಲಿಲ್ಲ. ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ. ಅಷ್ಟು ನಿಜ. ಕೊಂದದ್ದು ನೀವಲ್ಲ, ಇದೂ ನಿಜ."

ಅವತ್ತು ಅವರು ಅತ್ತರು. ಏಳು ತಿಂಗಳಲ್ಲಿ ಮೊದಲ ಸಲವಂತೆ.

ಗೆಳೆಯನಿಗೆ ಒಂದು ಕಾಗದ ಬರೆಯಿರಿ ಅಂದೆ. ಅದರಲ್ಲಿ ಪೊಸಡಿ ಗುಂಪೆಯೂ ಇರಲಿ, ಬೋಳು ಟೈರೂ ಇರಲಿ, ಬೈಗುಳ ಬಂದರೆ ಬರಲಿ. ಇದನ್ನೆಲ್ಲ ಅವನ ಅಮ್ಮನ ಹತ್ತಿರ ಹೋಗಿ ಹೇಳಬೇಕು ಅಂತ ಹೊರಟಿದ್ದರು. ಸದ್ಯಕ್ಕೆ ಬೇಡ ಅಂದೆ. ನಿಮ್ಮ ಭಾರ ಇಳಿಯುತ್ತದೆ, ಅದು ಆ ತಾಯಿಯ ತಲೆಗೆ ಹೋಗುತ್ತದೆ. ಅವರು ತಾವಾಗಿ ಕೇಳಿದ ದಿನ ಹೇಳಿದರಾಯಿತು.

ಬೈಕ್ ಬಗ್ಗೆ "ಓಡಿಸಿ" ಅಂತಲೂ ಅನ್ನಲಿಲ್ಲ, "ಮಾರಿ" ಅಂತಲೂ ಅನ್ನಲಿಲ್ಲ. ಭಯವನ್ನು ಎರಡು ಪಾಲು ಮಾಡಿಸಿದೆ. ಟೈರ್, ಬ್ರೇಕ್, ಪಟ್ಟಿ, ವೇಗ ಇವರ ಕೈಯಲ್ಲಿವೆ. 40ರ ಬದಲು 60ರಲ್ಲಿ ಹೋದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ. ತಿರುವಿನಾಚೆಯ ಬಸ್ಸು, ಕೆಸರು, ದನ ಇವರ ಕೈಯಲ್ಲಿಲ್ಲ. ಎಲ್ಲವನ್ನೂ ಸರಿ ಮಾಡಿದರೂ ಅಪಾಯ ಸೊನ್ನೆಯಾಗುವುದಿಲ್ಲ. ಉಳಿದ ಅಷ್ಟನ್ನು ಒಪ್ಪಬೇಕೋ ಬೇಡವೋ ಅನ್ನುವುದನ್ನು ಮನೆಯಲ್ಲಿ ಅಮ್ಮನ ಎದುರು ಕೂತೇ ನಿರ್ಧರಿಸಿ ಅಂದೆ. ಅಮ್ಮನಿಗೂ ಒಂದು ಮಾತು ಹೇಳಿದೆ: "ಮಾರು ಅಂತ ದಿನಾ ಅನ್ನಬೇಡಿ. ನಿಮಗೆ ಹೆದರಿಕೆ ಆಗ್ತದೆ ಅಂತ ಹೇಳಿ."

ಮೊದಲ ವಾರ ಅಂಗಳದಲ್ಲಿ ಸ್ಟಾರ್ಟ್ ಮಾಡಿದ್ದಷ್ಟೇ. ಆಮೇಲೆ ಹಗಲು ಹೊತ್ತು, ಒಣ ರಸ್ತೆ, ನೀರ್ಚಾಲಿನವರೆಗೆ. ಎರಡೂ ಟೈರ್ ಹೊಸತು ಹಾಕಿಸಿದ್ದಾರೆ. ನಿದ್ದೆ ಬರುತ್ತಿದೆಯಂತೆ. ಬಾರದ ರಾತ್ರಿ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ ಅಂತ ನಂಬರ್ ಕೊಟ್ಟಿದ್ದೇನೆ.

ಆ ತಿರುವಿನ ಕಡೆಗೆ ಇನ್ನೂ ಬೈಕಿನಲ್ಲಿ ಹೋಗಿಲ್ಲ. ಪೆರ್ಲಕ್ಕೆ ಹೋಗುವುದಿದ್ದರೆ ಬಸ್ಸು ಹತ್ತುತ್ತಾರೆ. ನಾನು ಅವಸರ ಮಾಡಿಲ್ಲ.