ಡೀಲರ್ ಬರೆದುಕೊಟ್ಟ ಆಯಿಲ್ ಸೀಲ್ ಕೆಲಸಗಳನ್ನೆಲ್ಲ ಮಾಡಿಸಬೇಕೇ?

ಏಳು ವರ್ಷ ಹಳೆಯದಾದ, 84,000 ಕಿಲೋಮೀಟರ್ ಓಡಿರುವ ನಿಮ್ಮ ಪೆಟ್ರೋಲ್ ಕಾರನ್ನು ಮಾಮೂಲಿ ಸರ್ವಿಸ್‌ಗೆ ಬಿಟ್ಟಾಗ, ಹಿಂಬದಿಯ ಕ್ರ್ಯಾಂಕ್ ಸೀಲ್ (ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ), ಮುಂಬದಿಯ ಕ್ರ್ಯಾಂಕ್ ಸೀಲ್, ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಮತ್ತು ಆಯಿಲ್ ಸಂಪ್ (ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ) ಹೀಗೆ ನಾಲ್ಕು ಕಡೆ ಎಣ್ಣೆ ಸೋರುತ್ತಿದೆಯೆಂದು ಡೀಲರ್ ಕಡೆಯವರು ಸುಮಾರು 46,000 ರೂಪಾಯಿಯ ಎಸ್ಟಿಮೇಟ್ ಕೊಟ್ಟಿದ್ದಾರೆ, ಆದರೆ ಮನೆಯ ಮುಂದೆ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಎಸ್ಟಿಮೇಟ್‌ಗೆ ಈಗಲೇ ಒಪ್ಪಿಗೆ ಕೊಡಬೇಡಿ, ಹಾಗೆಂದು ಅದನ್ನು ಹರಿದು ಹಾಕಲೂ ಬೇಡಿ. ಆ ನಾಲ್ಕು ಸಾಲುಗಳಲ್ಲಿ ಒಂದೊಂದರ ಯೋಗ್ಯತೆ ಒಂದೊಂದು ಬಗೆಯದು, ಒಟ್ಟು ಮೊತ್ತವನ್ನು ನೋಡಿ ತೀರ್ಮಾನಿಸಿದರೆ ಎರಡೂ ಕಡೆಯಿಂದ ಪೆಟ್ಟು ಬೀಳಬಹುದು. ಇದು ನನಗೆ ಗೊತ್ತಾದದ್ದು ನನ್ನ ಗಾಡಿಯಿಂದಲೇ.

2021ರಲ್ಲಿ ನನ್ನ ಡೀಸೆಲ್ ಕಾರು 96,000 ಕಿಲೋಮೀಟರ್ ಮುಗಿಸಿತ್ತು. ಸರ್ವಿಸ್‌ಗೆ ಬಿಟ್ಟ ದಿನ ಮಧ್ಯಾಹ್ನ ಅಡ್ವೈಸರ್ ಫೋನ್ ಮಾಡಿ, ಹಿಂಬದಿಯ ಕ್ರ್ಯಾಂಕ್ ಸೀಲ್‌ಗೆ 21,500, ಆಯಿಲ್ ಸಂಪ್ ಬಿಚ್ಚಿ ಮತ್ತೆ ಸೀಲ್ ಮಾಡುವುದಕ್ಕೆ 8,400, ಟ್ಯಾಪೆಟ್ ಕವರ್ ಪ್ಯಾಕಿಂಗ್‌ಗೆ 4,900, ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್‌ನ ಸೀಲ್‌ಗೆ 6,800, ಒಟ್ಟು 41,600 ರೂಪಾಯಿ ಆಗುತ್ತದೆ ಎಂದರು. ನಾನು ಕಾರನ್ನು ಹಾಗೆಯೇ ತಂದು, ನಮ್ಮ ಊರಿನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ಮೇಸ್ತ್ರಿಯೊಬ್ಬರ ಮುಂದೆ ನಿಲ್ಲಿಸಿದೆ. ಅವರು ಪಿಟ್‌ಗೆ ಇಳಿದು ಟಾರ್ಚ್ ಬಿಟ್ಟು ನೋಡಿದರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಎಣ್ಣೆ, ಧೂಳು ಕಲೆತು ಕಪ್ಪು ಮಡ್ಡಿ ಕಟ್ಟಿತ್ತು. "ಇದನ್ನ ನೋಡಿ ಬರೆದಿದಾರೆ ಸಾರ್, ತಪ್ಪಲ್ಲ. ಆದರೆ ಎಣ್ಣೆ ಎಲ್ಲಿಂದ ಬಂತು ಅಂತ ಮಡ್ಡಿ ಹೇಳಲ್ಲ. ಮೊದಲು ತೊಳೆಯೋಣ" ಎಂದರು.

ಎಂಜಿನ್ ತಣ್ಣಗಾದ ಮೇಲೆ ಬ್ರಷ್ಷಿನಿಂದ ಡಿಗ್ರೀಸರ್ ಹಚ್ಚಿ, ಆಲ್ಟರ್ನೇಟರಿಗೂ ಫ್ಯೂಸ್ ಪೆಟ್ಟಿಗೆಗೂ ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ, ಮೇಲಿನಿಂದ ಕೆಳಗಿನವರೆಗೆ ತೊಳೆದು, ಬನಿಯನ್ ವೇಸ್ಟ್‌ನಿಂದ ಒರೆಸಿ ಒಣಗಿಸಿದರು. ಮೂರು ದಿನ ಗಾಡಿ ಓಡಿಸಿ, ಇನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಪಿಟ್ ಮೇಲೆ ನಿಲ್ಲಿಸಿದಾಗ ದಾರಿ ಸ್ಪಷ್ಟವಾಗಿ ಕಂಡಿತು. ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಿಂದ ಬೆರಳಗಲದ ಹೊಳಪಿನ ಗೆರೆಯೊಂದು ಎಂಜಿನ್ ಬ್ಲಾಕಿನ ಮೇಲೆ ಇಳಿದು, ಗೇರ್‌ಬಾಕ್ಸ್ ಕೂಡುವ ಅಂಚನ್ನು ಹಿಡಿದು, ಕೆಳಗೆ ಸಂಪ್‌ನ ತುದಿಗೆ ತಲುಪಿತ್ತು. ಕ್ಲಚ್ ಹೌಸಿಂಗ್‌ನ ತಳದಲ್ಲಿರುವ ಸಣ್ಣ ಕಿಂಡಿಯಲ್ಲಿ ತಂತಿಗೆ ಬಟ್ಟೆ ಸುತ್ತಿ ಆಡಿಸಿದರೆ ಬಟ್ಟೆ ಒಣಗಿಯೇ ಹೊರಬಂತು. ಅಂದರೆ ಕ್ರ್ಯಾಂಕ್ ಸೀಲ್‌ನಲ್ಲಿ ದೋಷವಿರಲಿಲ್ಲ, ಸಂಪ್‌ನಲ್ಲಿಯೂ ಇರಲಿಲ್ಲ, ಎರಡೂ ಮೇಲಿನಿಂದ ಇಳಿದ ಎಣ್ಣೆಯಲ್ಲಿ ನೆನೆದಿದ್ದವು. ಹೊಸ ಪ್ಯಾಕಿಂಗ್ ಹಾಕಿ, ಕೂಲಿ ಸೇರಿ 2,300 ರೂಪಾಯಿಯಲ್ಲಿ ಆ ಕೆಲಸ ಮುಗಿಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಡೀಲರ್ ಮಾತನ್ನು ಕೇಳಲೇಬಾರದು ಎಂದು ನಿಮಗೆ ಬರೆಯುತ್ತಿದ್ದೆನೋ ಏನೋ. 21,500 ರೂಪಾಯಿಯ ಸಾಲು ಸುಳ್ಳಾಯಿತೆಂಬ ಸಿಟ್ಟಿನಲ್ಲಿ ನಾನು ಕ್ಯಾಮ್‌ಶಾಫ್ಟ್ ಸೀಲನ್ನೂ ಮನಸ್ಸಿನಲ್ಲಿಯೇ ಹೊಡೆದು ಹಾಕಿದ್ದೆ. ಮೇಸ್ತ್ರಿ ಮಾತ್ರ, ಹೇಗೂ ಟ್ಯಾಪೆಟ್ ಕವರ್ ಬಿಚ್ಚಿದ್ದೇನೆ, ಅದನ್ನೂ ನೋಡಿಬಿಡುತ್ತೇನೆ ಎಂದು ಟೈಮಿಂಗ್ ಬೆಲ್ಟಿನ (ಕ್ರ್ಯಾಂಕ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಹಲ್ಲಿನ ಬೆಲ್ಟ್) ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರು. ಕ್ಯಾಮ್‌ಶಾಫ್ಟ್ ಸೀಲ್‌ನಿಂದ ಜಿನುಗಿದ ಎಣ್ಣೆಯಿಂದ ಬೆಲ್ಟಿನ ಒಳಗಿನ ಅಂಚು ಒದ್ದೆಯಾಗಿ, ಉಳಿದ ಭಾಗಕ್ಕಿಂತ ಸ್ವಲ್ಪ ಉಬ್ಬಿತ್ತು. ಬೆರಳಿನಿಂದ ಉಜ್ಜಿದರೆ ರಬ್ಬರಿನ ಕಪ್ಪು ಕೈಗೆ ಹತ್ತಿತು. ಹೊರಗಿನಿಂದ ನೋಡಿದರೆ ಕಾಣದ, ನೆಲಕ್ಕೆ ಒಂದು ಹನಿಯೂ ಬೀಳದ ಸೋರಿಕೆ ಅದು. ಬೆಲ್ಟ್ ಹರಿದಿದ್ದರೆ ಅಥವಾ ಒಂದೆರಡು ಹಲ್ಲು ಜಾರಿದ್ದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು, ಹೆಡ್ ಇಳಿಸಿ ರಿಪೇರಿ ಮಾಡಬೇಕಾಗುತ್ತಿತ್ತು, ಅದರ ಖರ್ಚು ಆ ಇಡೀ ಎಸ್ಟಿಮೇಟ್ ಮೊತ್ತವನ್ನು ಸುಲಭವಾಗಿ ಮೀರುತ್ತಿತ್ತು. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮತ್ತು ಸೀಲ್ ಎಲ್ಲವನ್ನೂ ಒಟ್ಟಿಗೇ 14,500 ರೂಪಾಯಿಗೆ ಹಾಕಿಸಿದೆ. ಡೀಲರ್ ಬರೆದ ನಾಲ್ಕು ಸಾಲುಗಳಲ್ಲಿ ನಾನು ಅತಿ ಹೆಚ್ಚು ತಾತ್ಸಾರ ಮಾಡಿದ್ದು ಯಾವುದೋ, ಅದೇ ಅತ್ಯಂತ ತುರ್ತಿನದಾಗಿತ್ತು.

ಈಗ ನಿಮ್ಮ ಎಸ್ಟಿಮೇಟ್‌ಗೆ ಬರೋಣ. ಎಲ್ಲಕ್ಕಿಂತ ಮೊದಲು ಕಾರಿನ ಕೈಪಿಡಿ ತೆಗೆದು, ನಿಮ್ಮ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ನೋಡಿ. ಚೈನ್ ಇದ್ದರೆ ಅದು ಎಣ್ಣೆಯಲ್ಲಿಯೇ ಓಡುವಂಥದ್ದು, ಮುಂಬದಿಯ ಸೀಲ್ ಸ್ವಲ್ಪ ಪಸೆಯಾಡಿದರೆ ಅದಕ್ಕೇನೂ ಆಗದು. ಹೊರಗಿನ ಆಲ್ಟರ್ನೇಟರ್ ಬೆಲ್ಟಿಗೆ ಎಣ್ಣೆ ಸಿಡಿಯುತ್ತಿದೆಯೇ ಎಂದಷ್ಟೇ ಗಮನಿಸಿದರೆ ಸಾಕು. ಒಣ ರಬ್ಬರ್ ಬೆಲ್ಟ್ (ಎಣ್ಣೆ ತಾಗಬಾರದಂಥದ್ದು) ಇದ್ದರೆ ಮಾತ್ರ ಮುಂಬದಿಯ ಕ್ರ್ಯಾಂಕ್ ಸೀಲ್‌ನ ಸಾಲನ್ನು ಈ ವಾರವೇ ಪರೀಕ್ಷಿಸಬೇಕು. ಮುಚ್ಚಳ ತೆಗೆಸಿ ಬೆಲ್ಟನ್ನು ಕಣ್ಣಾರೆ ನೋಡಿ. ಅದು ಒದ್ದೆಯಾಗಿದ್ದರೆ ಬೆಲ್ಟ್ ಬದಲಿಸುವ ಕಿಲೋಮೀಟರ್ ಇನ್ನೂ ಬಂದಿಲ್ಲವೆಂದು ಮುಂದೂಡಬೇಡಿ, ಸೀಲ್ ಮತ್ತು ಬೆಲ್ಟ್ ಎರಡನ್ನೂ ಒಟ್ಟಿಗೇ ಬದಲಿಸಿ. ಒಣಗಿದ್ದರೆ, ಬೆಲ್ಟ್ ಬದಲಾವಣೆಗೆ ಬಂದ ದಿನವೇ ಸೀಲ್ ಹಾಕಿಸಬಹುದು, ಆಗ ಪ್ರತ್ಯೇಕ ಕೂಲಿ ಹೆಚ್ಚೇನೂ ಬೀಳುವುದಿಲ್ಲ.

ಹಿಂಬದಿಯ ಕ್ರ್ಯಾಂಕ್ ಸೀಲ್ ವಿಚಾರದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ 46,000ದ ದೊಡ್ಡ ಪಾಲು ಅಲ್ಲಿಯೇ ಇರಬಹುದು. ಈ ಸೀಲ್ ಒಂದು ರಬ್ಬರ್ ಬಳೆ. ಅದರ ಒಳ ಅಂಚಿನ ತೆಳು ತುಟಿ ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಒತ್ತಿಕೊಂಡಿರುತ್ತದೆ, ಎಷ್ಟೋ ಸೀಲ್‌ಗಳಲ್ಲಿ ಆ ತುಟಿಯ ಹಿಂದೆ ಕೂದಲೆಳೆಯಂಥ ಸ್ಪ್ರಿಂಗ್ ಒಂದನ್ನು ಸುತ್ತಿರುತ್ತಾರೆ. ತುಟಿ ಮತ್ತು ಶಾಫ್ಟಿನ ನಡುವೆ ಎಣ್ಣೆಯ ತೆಳುಪದರ ಇರಲೇಬೇಕು, ಇಲ್ಲವಾದರೆ ರಬ್ಬರ್ ಸುಟ್ಟುಹೋಗುತ್ತದೆ. ಆದ್ದರಿಂದ ಎಂಬತ್ತು ತೊಂಬತ್ತು ಸಾವಿರ ಓಡಿದ ಗಾಡಿಯಲ್ಲಿ ಅಲ್ಲಿ ತುಸು ಪಸೆ ಕಂಡರೆ ಅದನ್ನು ಸೋರಿಕೆ ಎನ್ನಲಾಗದು. ಪಸೆ ಎಂದರೆ ಮುಟ್ಟಿದರೆ ಧೂಳು ಕೈಗೆ ಅಂಟುತ್ತದೆ, ಆದರೆ ಹನಿ ಕೂಡಿಕೊಳ್ಳುವುದಿಲ್ಲ. ಸೋರಿಕೆ ಎಂದರೆ ಒರೆಸಿದ ಮರುದಿನವೇ ಹನಿ ನೇತಾಡುತ್ತಿರುತ್ತದೆ. ಎಸ್ಟಿಮೇಟ್‌ನಲ್ಲಿ ಎರಡಕ್ಕೂ 'ಲೀಕೇಜ್' ಎಂಬ ಒಂದೇ ಪದವನ್ನು ಬರೆದಿರುತ್ತಾರೆ, ನಿಮ್ಮದು ಎರಡರಲ್ಲಿ ಯಾವುದು ಎಂದು ಅಡ್ವೈಸರ್ ಅವರನ್ನೇ ನೇರವಾಗಿ ಕೇಳಿ.

ಆ ಬಳೆಯ ಬೆಲೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ನನ್ನ ಎಸ್ಟಿಮೇಟ್‌ನಲ್ಲಿ ಸೀಲ್‌ಗೆ 1,150 ರೂಪಾಯಿ ಹಾಕಿದ್ದರು, ಉಳಿದದ್ದರಲ್ಲಿ ಹೆಚ್ಚಿನದು ಗೇರ್‌ಬಾಕ್ಸ್, ಕ್ಲಚ್ ಮತ್ತು ಫ್ಲೈವೀಲ್ ಇಳಿಸಿ ಏರಿಸುವ ಕೂಲಿ. ಹಾಗಾಗಿ ಪಸೆ ಮಾತ್ರ ಇದ್ದರೆ, ಕ್ಲಚ್ ಪ್ಲೇಟ್ ಬದಲಿಸುವ ದಿನದವರೆಗೆ ಸೀಲ್ ಕಾಯಬಹುದು, ಗೇರ್‌ಬಾಕ್ಸ್ ಒಂದೇ ಸಲ ಇಳಿಯುತ್ತದೆ. ನಗರದ ಟ್ರಾಫಿಕ್‌ನಲ್ಲಿ ಓಡುವ ಗಾಡಿಯಾದರೆ 84,000 ಕಿಲೋಮೀಟರಿಗೆ ಆ ದಿನ ಬಹಳ ದೂರ ಇರಲಾರದು. ಆದರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತಿದ್ದರೆ ಅಥವಾ ಏರಿನಲ್ಲಿ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿರಬಹುದು, ಆಗ ಕಾಯಬಾರದು. ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಕ್ಲಚ್ ಹೌಸಿಂಗ್‌ನಿಂದ ಇಳಿಯುವುದು ಗೇರ್ ಆಯಿಲ್ ಕೂಡ ಆಗಿರಬಹುದು, ಏಕೆಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೂ ಅಲ್ಲಿ ಒಂದು ಸೀಲ್ ಇದೆ. ಎಂಜಿನ್ ಆಯಿಲ್ ಬಳಸಿದಂತೆ ಕಪ್ಪಾಗುತ್ತದೆ, ಗೇರ್ ಆಯಿಲ್‌ಗೆ ಸಾಮಾನ್ಯವಾಗಿ ಗಂಧಕದ ಘಾಟು ವಾಸನೆ ಇರುತ್ತದೆ. ಮೂಸಿ ನೋಡುವುದಕ್ಕೆ ಸಂಕೋಚಪಡಬೇಡಿ.

ನೆಲದ ಮೇಲೆ ಹನಿ ಬಿದ್ದಿಲ್ಲ ಎಂಬ ನಿಮ್ಮ ಸಮಾಧಾನವನ್ನು ನಾನು ಪೂರ್ತಿ ಒಪ್ಪಲಾರೆ. ಈಗಿನ ಬಹಳಷ್ಟು ಕಾರುಗಳಲ್ಲಿ ಎಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವುದರಿಂದ, ಇಳಿದ ಎಣ್ಣೆ ಅದರಲ್ಲಿಯೇ ನಿಂತುಬಿಡುತ್ತದೆ. ಅದನ್ನು ಬಿಚ್ಚಿಸಿ ನೋಡಿ. ಅದಕ್ಕಿಂತ ನಂಬತಕ್ಕ ಸಾಕ್ಷಿ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್. ಸಮನಾದ ನೆಲದಲ್ಲಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಅಳೆದು, ಫೋಟೊ ತೆಗೆದು, ಕಿಲೋಮೀಟರ್ ಬರೆದಿಟ್ಟುಕೊಳ್ಳಿ, 1,000 ಕಿಲೋಮೀಟರ್ ನಂತರ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಮೇಲಿನ ಮತ್ತು ಕೆಳಗಿನ ಗುರುತಿನ ನಡುವಿನ ಅಂತರ ಅನೇಕ ಕಾರುಗಳಲ್ಲಿ ಒಂದು ಲೀಟರ್ ಆಸುಪಾಸಿನದು. ಅದರಲ್ಲಿ ಕಾಲುಭಾಗ ಇಳಿದರೂ ಅದು ಕಾಲು ಲೀಟರ್. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಎರಡೂವರೆ ಲೀಟರ್ ಎಣ್ಣೆಯ ಖರ್ಚು ಬೀಳುತ್ತದೆ, ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಅದು ತೀರಾ ಚಿಕ್ಕದು. ಮಟ್ಟ ಕೆಳಗಿನ ಗುರುತನ್ನು ದಾಟದಂತೆ ಮಾತ್ರ ಎಚ್ಚರ ವಹಿಸಬೇಕು, ಆಯಿಲ್ ಪ್ರೆಷರ್ ದೀಪ ಹತ್ತಿದರೆ ರಸ್ತೆಯ ಬದಿಯಲ್ಲಿಯೇ ಎಂಜಿನ್ ಆಫ್ ಮಾಡಬೇಕು. ಮೇಲಿನ ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದ್ದರೂ ಸೀಲ್‌ಗಳಲ್ಲಿ ಜಿನುಗು ಕಾಣಿಸಿಕೊಳ್ಳಬಹುದು, ಹಾಗಾಗಿ ಸರ್ವಿಸ್ ಮುಗಿದ ದಿನವೂ ಅಳೆದು ನೋಡುವುದು ಒಳ್ಳೆಯದು.

ಎಣ್ಣೆ ಎಷ್ಟು ಹೋಗುತ್ತಿದೆ ಎಂಬುದಕ್ಕಿಂತ ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಟ್ಯಾಪೆಟ್ ಕವರಿನಿಂದ ಜಿನುಗಿದ ಎಣ್ಣೆ ಸೈಲೆನ್ಸರಿನ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಬಿಸಿ ಕೊಳವೆ) ಮೇಲೆ ಬಿದ್ದರೆ ಸುಟ್ಟ ವಾಸನೆ ಬರುತ್ತದೆ, ಬೆಂಕಿಯ ಅಪಾಯವೂ ಉಂಟು. ಪೆಟ್ರೋಲ್ ಎಂಜಿನ್‌ಗಳಲ್ಲಿ ಅದು ಸ್ಪಾರ್ಕ್ ಪ್ಲಗ್ ಕೂತಿರುವ ಕುಳಿಗೆ ಇಳಿದರೆ ಎಂಜಿನ್ ಮಿಸ್ ಹೊಡೆಯಲು ಶುರುವಾಗುತ್ತದೆ. ಎಂಜಿನ್ ಮೌಂಟಿನ ರಬ್ಬರಿಗೆ ತಾಗಿದರೆ ಅದು ಮೆತ್ತಗಾಗಿ ಹಾಳಾಗುತ್ತದೆ. ಈ ಪ್ಯಾಕಿಂಗ್ ಬದಲಿಸುವುದು ಹೆಚ್ಚಿನ ಕಾರುಗಳಲ್ಲಿ ಸರಳವಾದ ಕೆಲಸ, ಇದನ್ನು ಮೊದಲು ಮಾಡಿಸಿಬಿಡಿ ಎಂದೇ ನನ್ನ ಸಲಹೆ. ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಲು ಹೇಳಿ. ಬಹಳಷ್ಟು ಎಂಜಿನ್‌ಗಳಲ್ಲಿ ಅವುಗಳ ಬಿಗಿ 10 ನ್ಯೂಟನ್ ಮೀಟರ್ ಆಸುಪಾಸಿನಲ್ಲಿಯೇ ಇರುವುದರಿಂದ, ಕೈಯ ಅಂದಾಜಿನಲ್ಲಿ ತಿರುಗಿಸಿದರೆ ಪ್ಲಾಸ್ಟಿಕ್ ಕವರ್ ಸೀಳಬಹುದು.

ಆಯಿಲ್ ಸಂಪ್‌ನ ಸಾಲನ್ನು ಕೊನೆಗೆ ಇಡಿ. ಡ್ರೈನ್ ಬೋಲ್ಟಿನ ವಾಷರ್ ಹಳೆಯದಾಗಿದ್ದರೆ, ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಸರಿಯಾಗಿ ಕೂರದಿದ್ದರೆ, ಮೇಲಿನಿಂದ ಎಣ್ಣೆ ಇಳಿಯುತ್ತಿದ್ದರೆ, ಮೂರೂ ಸಂದರ್ಭದಲ್ಲಿ ನೋಡುವವರಿಗೆ ಸಂಪ್ ಸೋರುವಂತೆಯೇ ಕಾಣುತ್ತದೆ. ಸಂಪ್ ಬಿಚ್ಚಲೇಬೇಕಾದರೆ, ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಮೆತ್ತಲು ಬಿಡಬೇಡಿ. ಒಳಕ್ಕೆ ಉಬ್ಬಿದ ಪೇಸ್ಟಿನ ತುಣುಕು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್‌ಗೆ ಎಣ್ಣೆಯೇ ಏರುವುದಿಲ್ಲ.

ನಾಲ್ಕು ಕಡೆಯೂ ಒಮ್ಮೆಗೇ ನಿಜವಾಗಿ ಸೋರುತ್ತಿದೆಯೆಂದು ತೊಳೆದ ಮೇಲೂ ಸಾಬೀತಾದರೆ, ಯಾವ ಸೀಲನ್ನೂ ಬದಲಿಸುವ ಮೊದಲು ಪಿಸಿವಿ ವಾಲ್ವ್ ಪರೀಕ್ಷಿಸಲು ಹೇಳಿ. ಎಂಜಿನ್‌ನ ಒಳಗೆ ಕೂಡಿಕೊಳ್ಳುವ ಅನಿಲವನ್ನು ಹೊರಗೆಳೆಯುವ ಸಣ್ಣ ಕವಾಟ ಅದು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಚೆನ್ನಾಗಿರುವ ಸೀಲ್‌ಗಳಿಂದಲೂ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಕವಾಟವನ್ನು ಬಿಟ್ಟು ಸೀಲ್‌ಗಳನ್ನಷ್ಟೇ ಹೊಸದು ಮಾಡಿದರೆ ಕೆಲವೇ ತಿಂಗಳಲ್ಲಿ ಹೊಸ ಸೀಲ್ ಕೂಡ ಒದ್ದೆಯಾಗುತ್ತದೆ, ಖರ್ಚು ಮಾಡಿದ ಹಣವೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಒಂದೇ ಕಾಲಕ್ಕೆ ಎಲ್ಲ ಸೀಲ್‌ಗಳೂ ಕೈಕೊಟ್ಟವು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ಅನುಮಾನ ಬರುವುದು ಈ ಕವಾಟದ ಮೇಲೆಯೇ.

ಡೀಲರ್ ಕಡೆಯವರು ನಿಮ್ಮನ್ನು ಮೋಸಗೊಳಿಸುತ್ತಿದ್ದಾರೆಂದು ನಾನು ಹೇಳಲಾರೆ. ದಿನಕ್ಕೆ ಹತ್ತಾರು ಗಾಡಿ ನೋಡಬೇಕಾದ ಹುಡುಗ ಲಿಫ್ಟಿನ ಕೆಳಗೆ ಐದು ನಿಮಿಷ ನಿಂತು, ಒದ್ದೆಯಾಗಿ ಕಂಡದ್ದನ್ನೆಲ್ಲ ಬರೆದಿರುತ್ತಾನೆ, ತೊಳೆದು ಇನ್ನೂರು ಕಿಲೋಮೀಟರ್ ಓಡಿಸಿ ನೋಡುವ ವ್ಯವಧಾನ ಆ ವ್ಯವಸ್ಥೆಯಲ್ಲಿ ಇರುವುದಿಲ್ಲ. ಆ ವ್ಯವಧಾನ ನಿಮಗಿದೆ. ಅವರಲ್ಲಿಗೇ ಹೋಗಿ, ಪ್ರತಿ ಸೋರಿಕೆಯ ಫೋಟೊ ಕೊಡಿ, ಎಂಜಿನ್ ತೊಳೆದು ಅಲ್ಟ್ರಾವಯಲೆಟ್ ಡೈ ಹಾಕಿ ಪರೀಕ್ಷಿಸಿಕೊಡಿ, ಅದಕ್ಕೆ ಬೇಕಾದ ಶುಲ್ಕ ಕೊಡುತ್ತೇನೆ ಎಂದು ಸೌಜನ್ಯದಿಂದಲೇ ಕೇಳಿ. ಎಣ್ಣೆಗೆ ಬೆರೆಸಿದ ಆ ಬಣ್ಣ ವಿಶೇಷ ದೀಪದ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆದು, ಸೋರಿಕೆ ಹುಟ್ಟುವ ಜಾಗವನ್ನೇ ತೋರಿಸುತ್ತದೆ. ವಿಸ್ತರಿತ ವಾರಂಟಿ ಇನ್ನೂ ಉಳಿದಿದ್ದರೆ ಹೊರಗೆ ಎಲ್ಲಿಯೂ ಬಿಚ್ಚಿಸುವ ಮೊದಲು ಅದರ ಷರತ್ತುಗಳನ್ನು ಓದಿ.

ಯಾವ ಕೆಲಸವನ್ನು ಎಲ್ಲಿ ಮಾಡಿಸಿದರೂ, ಒಪ್ಪಿದ ಸಾಲುಗಳನ್ನು ಮಾತ್ರ ಜಾಬ್ ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿ, ತೆಗೆದ ಹಳೆಯ ಸೀಲ್‌ಗಳನ್ನು ನಿಮ್ಮ ಕೈಗೆ ಕೊಡಬೇಕೆಂದು ಮುಂಚೆಯೇ ಹೇಳಿ. ಶಾಫ್ಟಿನ ಮೇಲೆ ಹಳೆಯ ಸೀಲ್ ಕೂರುತ್ತಿದ್ದ ಜಾಗದಲ್ಲಿ ಗೆರೆ ಬಿದ್ದಿದೆಯೇ ಎಂದು ಉಗುರು ಆಡಿಸಿ ನೋಡಲು ಮೆಕ್ಯಾನಿಕ್‌ಗೆ ತಿಳಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಇದ್ದರೆ ಹೊಸ ಸೀಲ್ ಕೂಡ ಅಲ್ಲಿ ನಿಲ್ಲದು, ಶಾಫ್ಟಿಗೆ ತೆಳುವಾದ ಲೋಹದ ಸ್ಲೀವ್ (ಬಳೆಯಂಥ ಹೊದಿಕೆ) ತೊಡಿಸಬೇಕಾಗುತ್ತದೆ. ಮಾಡಿದ ಕೆಲಸ ಮತ್ತೆ ಸೋರಿ, ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆಗ ಆ ಜಾಬ್ ಕಾರ್ಡ್ ಮತ್ತು ಫೋಟೊಗಳೇ ನಿಮಗೆ ಆಧಾರವಾಗುತ್ತವೆ.

ಈ ವಾರ ಕೈಪಿಡಿಯಲ್ಲಿ ಬೆಲ್ಟೋ ಚೈನೋ ನೋಡಿ, ಡಿಪ್‌ಸ್ಟಿಕ್ ಅಳತೆ ಬರೆದಿಟ್ಟು, ಎಂಜಿನ್ ತೊಳೆಸಿ. ಇನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ತೆಗೆದ ಫೋಟೊಗಳನ್ನೂ ಕಾರಿನ ಮಾದರಿಯನ್ನೂ ಇಲ್ಲಿ ಹಾಕಿದರೆ, ಹಿಂಬದಿಯ ಸೀಲ್ ವಿಷಯದಲ್ಲಿ ಇನ್ನಷ್ಟು ಖಚಿತವಾಗಿ ಬರೆಯುತ್ತೇನೆ.