ಮೀಟರ್ ಕಂಬದಿಂದ ಮನೆಗೆ ನೆಲದಡಿ ಕೇಬಲ್: ಎಷ್ಟನ್ನು ನಾವೇ ಮಾಡಬಹುದು?

ಮಡಿಕೇರಿ ಬಳಿ ಕಾಫಿ ತೋಟದ ನಡುವೆ ನಿಮ್ಮ ಮನೆ. ಗೇಟಿನ ಬಳಿಯ ಮೀಟರ್‌ನಿಂದ 80 ಮೀಟರ್ ದೂರ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ತುಂಡಾಗುತ್ತದೆ, ನೆಲದಡಿ ಕೇಬಲ್ ಹಾಯಿಸುವ ಪೈಪನ್ನು ನೀವೇ ಹೂಳಬಹುದೇ ಎಂದು ಕೇಳಿದ್ದೀರಿ. ಗುಂಡಿ ತೋಡಿ ಪೈಪ್ ಹಾಕುವುದು ನಿಮ್ಮ ಕೆಲಸ. ಕೇಬಲ್ ಜೋಡಣೆ ಮತ್ತು ಪರೀಕ್ಷೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರದ್ದು. ಮೀಟರ್‌ಗೆ ಲೈನ್ ಬರುವ ಬದಿಯನ್ನು ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನವರಲ್ಲದೆ ಬೇರಾರೂ ಮುಟ್ಟುವಂತಿಲ್ಲ.

ಆಳ ಕನಿಷ್ಠ 75 ಸೆಂಟಿಮೀಟರ್ ಇರಲಿ. ಜೀಪು, ಟ್ರ್ಯಾಕ್ಟರ್ ದಾಟುವಲ್ಲಿ ಇನ್ನೂ ಹೆಚ್ಚು. ತಳಕ್ಕೆ ಮರಳು, ಪೈಪಿನ ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆಯ ಸಾಲು, ಇನ್ನೂ ಮೇಲೆ ಎಚ್ಚರಿಕೆಯ ಪಟ್ಟಿ. ಮುಂದೆಂದೋ ಕಾಫಿ ಗಿಡಕ್ಕೆ ಗುಂಡಿ ತೆಗೆಯುವವನ ಗುದ್ದಲಿಗೆ ಮೊದಲು ಸಿಗಬೇಕಾದದ್ದು ಆ ಪಟ್ಟಿಯೇ.

ನಮ್ಮ ಮಳೆಗೆ ಪೈಪಿನೊಳಗೆ ನೀರು ಬಂದೇ ಬರುತ್ತದೆ, ಅಂಟು ಎಷ್ಟೇ ಬಳಿಯಿರಿ. ಆದ್ದರಿಂದ ನೆಲದಡಿಗೆಂದೇ ತಯಾರಾದ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲನ್ನೇ ಎಳೆಯಿರಿ. ಮನೆಯೊಳಗಿನ ಸಾಮಾನ್ಯ ವೈರ್ ಬೇಡವೇ ಬೇಡ. ಪೈಪಿಗೆ ಇಳಿಜಾರು ಕೊಟ್ಟು, ತಗ್ಗಿನಲ್ಲಿ ನೀರು ಇಂಗುವ ಚೇಂಬರ್ ಕಟ್ಟಿ. ತಿರುವುಗಳು ವಿಶಾಲವಾಗಿರಲಿ, ಎಳೆಯುವ ನೈಲಾನ್ ಹಗ್ಗವನ್ನು ಪೈಪ್ ಜೋಡಿಸುವಾಗಲೇ ತೂರಿಸಿಡಿ. ನಾನು ಮರೆತು ಒಂದು ದಿನ ಹಾಳುಮಾಡಿಕೊಂಡೆ.

ಸಿಂಗಲ್ ಫೇಸ್‌ನಲ್ಲಿ 30 ಆಂಪಿಯರ್ ಹರಿದರೆ, ಈ ದೂರಕ್ಕೆ 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್‌ನಲ್ಲಿ ಸುಮಾರು 15 ವೋಲ್ಟ್ ಕಡಿಮೆಯಾಗುತ್ತದೆ, 16ರಲ್ಲಿ ಸುಮಾರು 9. ನಾನಾದರೆ 16ನ್ನೇ ಹಾಕಿಸುತ್ತೇನೆ. ಮನೆಯ ಬಳಿ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸದೆ ಸ್ವಿಚ್ ಒತ್ತಬೇಡಿ.